ಮಹಡಿ ಮನೆಯ ಭೋಗ್ಯ: ದಾವಣಗೆರೆಯ ಒಂದು ಪ್ರಕರಣ

ಈ ಪ್ರಕರಣದ ಮನೆ, ಮಂದಿ, ಬಡಾವಣೆ ಯಾವುದೂ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಮೊತ್ತಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ದುಂಡಗೆ ಮಾಡಿದ್ದೇನೆ. ಕಟ್ಟಡದ ಮಾಲಕಿಯನ್ನು ಒಡತಿ ಎಂದೇ ಕರೆಯುತ್ತೇನೆ. ಬಾಡಿಗೆ ಮನೆ ನಡೆಸುವ ಹೆಂಗಸರ ಕಾಗದಪತ್ರ, ಲೆಕ್ಕಗಳಿಗೆ ನೆರವಾಗುವುದು ನನ್ನ ಕೆಲಸದ ಒಂದು ಭಾಗ. ಅಲ್ಲಿ ಮತ್ತೆ ಮತ್ತೆ ಎದುರಾಗುವ ತೊಡಕುಗಳೆಲ್ಲ ಈ ಒಂದೇ ಮನೆಯಲ್ಲಿ ಕೂಡಿಬಂದಿದ್ದವು ಎಂಬ ಕಾರಣಕ್ಕೆ ಇದನ್ನು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಹಿನ್ನೆಲೆ

ದಾವಣಗೆರೆ ಒಂದು ಕಾಲಕ್ಕೆ ಹತ್ತಿಗಿರಣಿಗಳ ಊರು. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಶುರುವಾಯಿತು, ಆಮೇಲೆ ದಂತವೈದ್ಯಕೀಯ ಮತ್ತು ಇನ್ನಷ್ಟು ಎಂಜಿನಿಯರಿಂಗ್ ಕಾಲೇಜುಗಳು ಬಂದವು. ಗಿರಣಿಗಳ ಸದ್ದು ಅಡಗುತ್ತ ಬಂದಂತೆ ಕಾಲೇಜುಗಳ ಸುತ್ತಲಿನ ಬಡಾವಣೆಗಳಲ್ಲಿ ಕೋಣೆ ಬಾಡಿಗೆಯೇ ಎಷ್ಟೋ ಮನೆಗಳಿಗೆ ತಿಂಗಳ ಪಗಾರವಾಯಿತು. ಇಂಥ ಮನೆಗಳನ್ನು ನಿಜವಾಗಿ ನಡೆಸುವವರು ಹೆಂಗಸರು. ಬಾಡಿಗೆ ವಸೂಲಿ, ಟ್ಯಾಂಕು ತೊಳೆಸುವುದು, ಮೋಟರು ಹಾಕುವುದು, ರಾತ್ರಿ ತಡವಾಗಿ ಬಂದ ಹುಡುಗರನ್ನು ಗದರುವುದು ಎಲ್ಲ ಅವರದೇ. ಖಾತೆ, ಕರಾರು ಪತ್ರ, ಕಂದಾಯದ ರಸೀತಿ ಮಾತ್ರ ಗಂಡನ ಹೆಸರಿನಲ್ಲಿ, ಗಂಡನ ಕಪಾಟಿನಲ್ಲಿ.

ನಮ್ಮ ಒಡತಿಯ ಮನೆಯೂ ಹಾಗೆಯೇ ಇತ್ತು. ಗಂಡ ಎ.ಪಿ.ಎಂ.ಸಿ. ಪ್ರಾಂಗಣದ ದಲಾಲಿ ಅಂಗಡಿಯೊಂದರಲ್ಲಿ ಗುಮಾಸ್ತರು. ಸ್ವಂತ ದುಡಿಮೆಯಲ್ಲಿ ಮೂವತ್ತು ನಲವತ್ತರ ನಿವೇಶನ ಕೊಂಡು ಕೆಳಮನೆ ಕಟ್ಟಿಸಿದರು. ಮೊದಲ ಮಹಡಿಯ ಎರಡು ಮನೆಗಳು ಎದ್ದದ್ದು ಭೋಗ್ಯದ ಹಣದಿಂದ. ಗಾರೆ ಒಣಗುವ ಮೊದಲೇ ಹಣ ಪಡೆದು ಅದರಲ್ಲೇ ಬಾಗಿಲು, ಕಿಟಕಿ, ನೆಲ ಮುಗಿಸಿದ್ದರು. ಒಂದು ಮನೆಗೆ 4 ಲಕ್ಷ, ಇನ್ನೊಂದಕ್ಕೆ ಮೂರೂವರೆ ಲಕ್ಷ. ಕರಾರು ಮೂರು ವರ್ಷದ್ದು. ಬಂದವರು ಬಾಡಿಗೆ ಕೊಡುವುದಿಲ್ಲ, ಅವಧಿ ಮುಗಿದಾಗ ಪೂರ್ತಿ ಹಣ ವಾಪಸು ಪಡೆದು ಬೀಗದ ಕೈ ಕೊಟ್ಟು ಹೋಗುತ್ತಾರೆ. ಅದರ ಮೇಲಿನ ತಾರಸಿಯಲ್ಲಿ ಶೀಟು ಹೊದಿಸಿದ ಎರಡು ಕೋಣೆಗಳಿದ್ದವು, ವಿದ್ಯಾರ್ಥಿಗಳಿಗೆ ತಲಾ 3,000 ರೂಪಾಯಿ ಬಾಡಿಗೆಗೆ.

2022ರ ಆರಂಭದಲ್ಲಿ ಗಂಡ ತೀರಿಕೊಂಡರು. ವಿಮೆಯ ಹಣ ಆಸ್ಪತ್ರೆಯ ಸಾಲಕ್ಕೆ ಸರಿಹೋಯಿತು. ಒಡತಿಗೆ ಉಳಿದದ್ದು ಮೇಲಿನ ಕೋಣೆಗಳ 6,000 ರೂಪಾಯಿ, ಮತ್ತು ಮೆಸ್‌ಗಳಿಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿಕೊಟ್ಟು ಬರುತ್ತಿದ್ದ ಅಷ್ಟಿಷ್ಟು. ಮಗ ಬೆಂಗಳೂರಿನಲ್ಲಿ ಸಣ್ಣ ಕೆಲಸದಲ್ಲಿದ್ದ. ಮಗಳು ಮದುವೆಯಾಗಿ ಹರಿಹರದಲ್ಲಿದ್ದಳು, ಖಾಸಗಿ ಆಸ್ಪತ್ರೆಯಲ್ಲಿ ನರ್ಸ್.

ತೊಡಕು

ಆ ವರ್ಷದ ನಡುವಿನಲ್ಲಿ ಮೊದಲ ಭೋಗ್ಯದ ಅವಧಿ ಮುಗಿಯಿತು. ಆ ಮನೆಯಲ್ಲಿದ್ದವರು ಶಾಲಾ ಮೇಷ್ಟ್ರು, ಸ್ವಂತ ಮನೆ ಕಟ್ಟಿಸುತ್ತಿದ್ದರು. ಅವರು ಹಣ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಎರಡನೆಯ ಮನೆಯ ಕರಾರು ಮರುವರ್ಷ ಮುಗಿಯುವುದಿತ್ತು. ಅಂದರೆ ಒಂದು ವರ್ಷದೊಳಗೆ ಏಳೂವರೆ ಲಕ್ಷ ಹೊಂದಿಸಬೇಕು.

ಇಲ್ಲೊಂದು ವಿಚಿತ್ರವಿದೆ. ಉಪ ನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿದರೆ ಆ ಮನೆಯ ಮೇಲೆ ಬಿಡಿಗಾಸಿನ ಸಾಲವೂ ಕಾಣುತ್ತಿರಲಿಲ್ಲ. ಹಣ ಕೊಟ್ಟು ಮನೆಯನ್ನು ಸ್ವಾಧೀನಕ್ಕೆ ಪಡೆಯುವ ಭೋಗ್ಯ ಕಾನೂನಿನ ಕಣ್ಣಿನಲ್ಲಿ ಸ್ವಾಧೀನ ಅಡಮಾನ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಇಂಥ ಅಡಮಾನ ನೋಂದಣಿಯಾಗಬೇಕು. ನಮ್ಮಲ್ಲಿ ನೂರು ರೂಪಾಯಿಯ ಛಾಪಾ ಕಾಗದದ ಮೇಲೆ ನೋಟರಿಯ ಮುದ್ರೆ ಬಿದ್ದರೆ ಕೆಲಸ ಮುಗಿಯಿತು. ಇಬ್ಬರ ಕರಾರುಗಳೂ ಅಂಥವೇ. ಹಾಗೆಂದು ಹಣ ಪಡೆದದ್ದು ಸುಳ್ಳಾಗುವುದಿಲ್ಲ. ತೀರಿಕೊಂಡವರ ಸಾಲ ವಾರಸುದಾರರ ಕೈಗೆ ಬಂದ ಆಸ್ತಿಯ ಮಟ್ಟಿಗೆ ಅವರ ಮೇಲೆ ಬರುತ್ತದೆ, ಇಲ್ಲಿ ಬಂದ ಆಸ್ತಿಯೇ ಆ ಮನೆ.

ಮೈದುನ ಒಂದು ದಾರಿ ತೋರಿಸಿದರು. ಏಳೂವರೆ ಲಕ್ಷವನ್ನೂ ತಾವೇ ಕಟ್ಟುತ್ತಾರೆ, ಮೊದಲ ಮಹಡಿಯನ್ನು ಅವರ ಹೆಸರಿಗೆ ಬರೆದುಕೊಡಬೇಕು. "ಅತ್ತಿಗೆ, ಹೊರಗಿನವರ ಪಾಲಾಗುವುದಕ್ಕಿಂತ ಮನೆತನದಲ್ಲೇ ಉಳಿಯಲಿ" ಎಂಬುದು ಅವರ ವಾದ. ಮೈದುನ ಕೆಟ್ಟವರೇನಲ್ಲ, ಅಣ್ಣನ ಆಸ್ಪತ್ರೆ ಖರ್ಚಿನಲ್ಲಿ ಕೈಜೋಡಿಸಿದವರು. ಆದರೆ ಅವರ ಮಾತಿಗೆ ಇನ್ನೊಂದು ತೂಕವಿತ್ತು. ಅತ್ತೆ ಅವರ ಮನೆಯಲ್ಲಿದ್ದರು. ಉಯಿಲು ಬರೆಯದೆ ತೀರಿಕೊಂಡ ಹಿಂದೂ ಗಂಡಸಿನ ಸ್ವಯಾರ್ಜಿತ ಆಸ್ತಿಯಲ್ಲಿ 1956ರ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿ, ಮಕ್ಕಳ ಜೊತೆಗೆ ತಾಯಿಗೂ ಸಮಪಾಲು. ಮೈದುನನಿಗೆ ನೇರ ಹಕ್ಕಿಲ್ಲ, ಅತ್ತೆಗೆ ಕಾಲುಭಾಗವಿದೆ. ಅತ್ತೆಯ ಸಹಿ ಇಲ್ಲದೆ ಮನೆಯ ಕಾಗದ ಒಂದಿಂಚೂ ಮುಂದೆ ಹೋಗುವಂತಿರಲಿಲ್ಲ.

ಕೈಹಾಕಿದ ದಾರಿಗಳು

ಮೊದಲು ಹೊಳೆದದ್ದು ಊರೆಲ್ಲ ಮಾಡುವ ಉಪಾಯ, ಹೊಸ ಭೋಗ್ಯದ ಹಣದಿಂದ ಹಳೆಯ ಭೋಗ್ಯ ತೀರಿಸುವುದು. ದಲ್ಲಾಳಿ 5 ಲಕ್ಷ ಕೊಡುವವರನ್ನು ಕರೆತಂದ. ಮೇಷ್ಟ್ರಿಗೆ ನಾಲ್ಕು ಕೊಟ್ಟರೆ ಒಂದು ಲಕ್ಷ ಕೈಯಲ್ಲಿ ಉಳಿಯುತ್ತದೆ. ಒಡತಿ ಬಹುಪಾಲು ಒಪ್ಪಿದ್ದರು.

ಅವರು ಹಾಲಿನ ಲೆಕ್ಕವನ್ನು ಕ್ಯಾಲೆಂಡರಿನ ಚೌಕಗಳಲ್ಲೇ ಬರೆದಿಡುವವರು. ಅರ್ಧ ಲೀಟರಿಗೆ ಒಂದು ಗೀಟು, ಹಾಲು ಬಾರದ ದಿನಕ್ಕೆ ಒಂದು ಸೊನ್ನೆ. ಹರಿದಿಟ್ಟ ಹಳೆಯ ತಿಂಗಳೊಂದರ ಹಿಂಬದಿಯಲ್ಲಿ ನಾವು ಲೆಕ್ಕ ಹಾಕಿದೆವು. ಮೇಷ್ಟ್ರು ಇದ್ದ ಮನೆಯನ್ನು ಬಾಡಿಗೆಗೆ ಕೊಟ್ಟರೆ ತಿಂಗಳಿಗೆ 7,000 ಬರುತ್ತದೆ, ವರ್ಷಕ್ಕೆ 84,000. ಗಂಡ ಪಡೆದದ್ದು 4 ಲಕ್ಷ. ಅಂದರೆ ವರ್ಷಕ್ಕೆ ಶೇಕಡಾ 21. ಒಡತಿ ಪೆನ್ನು ಇಸಿದುಕೊಂಡು ತಾವೇ ಹನ್ನೆರಡರಿಂದ ಭಾಗಿಸಿದರು. "ಹಾಗಾದರೆ ನೂರಕ್ಕೆ ತಿಂಗಳಿಗೆ ಒಂದೂ ಮುಕ್ಕಾಲು ರೂಪಾಯಿ ಬಡ್ಡಿ. ನಮ್ಮ ಸಂಘದಲ್ಲೇ ಒಂದು ರೂಪಾಯಿಗೆ ಕೊಡುತ್ತಾರಲ್ಲ?" ಎಂದರು.

ನನ್ನ ಪ್ರಕಾರ ಪ್ರಕರಣ ತಿರುಗಿದ್ದು ಅಲ್ಲಿ. ಅಲ್ಲಿಯವರೆಗೆ ಅವರ ಮನಸ್ಸಿನಲ್ಲಿ ಭೋಗ್ಯವೆಂದರೆ ಬಡ್ಡಿಯಿಲ್ಲದ ಹಣ. ಬಡ್ಡಿ ಕೈಯಿಂದ ಹೋಗುವುದಿಲ್ಲ, ಬರಬೇಕಾದ ಬಾಡಿಗೆ ಬಾರದೆ ಹೋಗುತ್ತದೆ. ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ಗಂಡ ಮಾಡಿದ್ದು ಮೂರ್ಖತನವೆಂದು ನಾನು ಹೇಳಲಾರೆ. ಗುಮಾಸ್ತರಿಗೆ ಆಗ ಯಾವ ಬ್ಯಾಂಕೂ ಮನೆ ಸಾಲ ಕೊಡುತ್ತಿರಲಿಲ್ಲ, ಭೋಗ್ಯದಿಂದಲೇ ಮಹಡಿ ಎದ್ದಿತು. ಆದರೆ ಎದ್ದ ಮೇಲೆ ಆ ಮಹಡಿಯ ಫಲವನ್ನು ಭೋಗ್ಯದವರೇ ಉಂಡರು, ಅಸಲು ಹಾಗೆಯೇ ನಿಂತಿತ್ತು. ಹೊಸ ಭೋಗ್ಯವೆಂದರೆ ಇನ್ನೂ ಮೂರು ವರ್ಷ ಅದೇ, ಮೊತ್ತ ಮಾತ್ರ ಒಂದು ಲಕ್ಷ ಹೆಚ್ಚು.

ದಲ್ಲಾಳಿಯನ್ನು ಕಳುಹಿಸಿದರು. ತಮ್ಮ ಬಂಗಾರ ಅಡವಿಟ್ಟು ಒಂದೂವರೆ ಲಕ್ಷ ತಂದು 2023ರ ಜನವರಿಯಲ್ಲಿ ಮೇಷ್ಟ್ರಿಗೆ ಕೊಟ್ಟರು. ಮೇಷ್ಟ್ರು ಹೊಸ ಮನೆಗೆ ಹೋದರು, ಹೋಗುವಾಗ ವಾಡಿಕೆಯಂತೆ ಬೀಗ ಹಾಕಿಕೊಂಡು ಹೋದರು. ಉಳಿದ ಎರಡೂವರೆ ಲಕ್ಷ ಕೈಸೇರುವವರೆಗೆ ಬೀಗದ ಕೈ ಅವರದೇ. ನಾಲ್ಕು ತಿಂಗಳು ಆ ಮನೆ ಮುಚ್ಚಿಯೇ ಇತ್ತು. ಮೇಷ್ಟ್ರಿಗೂ ಉಪಯೋಗವಿಲ್ಲ, ಒಡತಿಗೂ ಇಲ್ಲ.

ಈ ಗಂಟು ಬಿಡಿಸಿದ ಪ್ರಸ್ತಾಪ ಒಡತಿಯದೇ. ಮನೆಯನ್ನು ಬಾಡಿಗೆಗೆ ಕೊಡೋಣ, ಬಾಡಿಗೆದಾರರು 7,000 ರೂಪಾಯಿಯನ್ನು ನೇರವಾಗಿ ಮೇಷ್ಟ್ರ ಖಾತೆಗೆ ಹಾಕಲಿ, ಅದು ಅಸಲಿನಲ್ಲಿ ಕಳೆಯುತ್ತ ಹೋಗಲಿ. ಮೇಷ್ಟ್ರು ಎರಡು ದಿನ ಯೋಚಿಸಿ, ಕಾಗದದ ಮೇಲೆ ಬರೆದರೆ ಒಪ್ಪುತ್ತೇನೆ ಎಂದರು. ಸಾಲ ಕೊಟ್ಟವರಿಗೆ ಬೀಗದ ಕೈಗಿಂತ ಪ್ರತಿ ತಿಂಗಳು ಮೊಬೈಲಿಗೆ ಬರುವ ಜಮಾ ಸಂದೇಶ ಹೆಚ್ಚು ಧೈರ್ಯ ಕೊಡುತ್ತದೆ ಎಂಬುದನ್ನು ಬೇರೆ ಮನೆಗಳಲ್ಲೂ ನೋಡಿದ್ದೇನೆ. ಒಂಬತ್ತು ತಿಂಗಳಲ್ಲಿ 63,000 ತೀರಿತು.

ಎರಡನೆಯ ಮನೆ ಇಷ್ಟು ಸಲೀಸಾಗಿರಲಿಲ್ಲ. ಅಲ್ಲಿದ್ದವರು ಬಟ್ಟೆ ವ್ಯಾಪಾರದವರು. ಕರಾರಿನಲ್ಲಿರುವುದು ಮೂರೂವರೆ ಲಕ್ಷವಾದರೂ ನಡುವೆ ಇನ್ನೂ 50,000 ಕೊಟ್ಟಿದ್ದೇನೆ, ನಾಲ್ಕು ಲಕ್ಷ ಕೊಟ್ಟರೆ ಮಾತ್ರ ಬಿಡುತ್ತೇನೆ ಎಂದು ಕೂತರು. ಮಾತು ಬಿಗಡಾಯಿಸಿತು. ನೆಂಟರೊಬ್ಬರು ನೀರು ನಿಲ್ಲಿಸಲು ಹೇಳಿಕೊಟ್ಟರು. ಬೇಸಿಗೆಯ ಒಂದು ಸಂಜೆ ಒಡತಿ ಮೇಲಿನ ಟ್ಯಾಂಕಿಗೆ ಮೋಟರು ಹಾಕಲಿಲ್ಲ. ಏಳು ಗಂಟೆಗೆ ವ್ಯಾಪಾರಿಯ ಹೆಂಡತಿ ಖಾಲಿ ಕೊಡ ಹಿಡಿದು ಕೆಳಗೆ ಬಂದಳು. ಜಗಳಕ್ಕೆ ಬಂದವಳಲ್ಲ. "ಅಕ್ಕಾ, ಮಗುವಿಗೆ ಹಾಲು ಕಾಯಿಸಿದ ಪಾತ್ರೆಯೂ ತೊಳೆದಿಲ್ಲ" ಎಂದು ಹೇಳಿ ನಲ್ಲಿಯ ಹತ್ತಿರ ನಿಂತಳು. ಒಡತಿ ಒಳಗೆ ಹೋಗಿ ಸ್ವಿಚ್ ಹಾಕಿದರು.

ದಯೆಯ ಮಾತು ಹಾಗಿರಲಿ, ವ್ಯವಹಾರದ ದೃಷ್ಟಿಯಿಂದಲೂ ಅದೇ ಸರಿಯಾಗಿತ್ತು. ಸ್ವಾಧೀನದಲ್ಲಿರುವವರನ್ನು ಕಾನೂನಿನ ದಾರಿ ಬಿಟ್ಟು ಹೊರಹಾಕಿದರೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಡಿ ಅವರು ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ವಾಪಸು ಪಡೆಯಬಹುದು. ಅಲ್ಲಿ ಮನೆ ಯಾರದೆಂಬ ಪ್ರಶ್ನೆಯೇ ಏಳುವುದಿಲ್ಲ. ಹಣವಿಲ್ಲದ ಒಡತಿಗೆ ಅಂಥದೊಂದು ದಾವೆ ಬಿದ್ದಿದ್ದರೆ ಮೈದುನನ ಪ್ರಸ್ತಾಪಕ್ಕೆ ಸಹಿ ಹಾಕುವುದೊಂದೇ ದಾರಿಯಾಗುತ್ತಿತ್ತು.

ಆಮೇಲೆ ಅವರು ಹೋದದ್ದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ. 1987ರ ಕಾಯ್ದೆಯಂತೆ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಸ್ವಂತ ಮನೆಯಿದ್ದವರಿಗೆ ಇದೆಲ್ಲ ಸಿಗುವುದಿಲ್ಲ ಎಂದುಕೊಂಡು ಹೊಸಿಲು ತುಳಿಯದವರೇ ಹೆಚ್ಚು. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿಗೆ ಪ್ರಕರಣ ಒಯ್ಯಬಹುದು. ವ್ಯಾಪಾರಿ ಬಂದರು, ಏಕೆಂದರೆ ನೋಂದಣಿಯಾಗದ ಕಾಗದ ಅವರಿಗೂ ಭಯವೇ. ಹೆಚ್ಚುವರಿ 50,000ದ ಮಾತು ಬಂದಾಗ ಗಂಡನ ಬ್ಯಾಂಕ್ ಪಾಸ್‌ಬುಕ್ ತೆಗೆದು ನೋಡಲಾಯಿತು. 30,000 ಜಮಾ ಆದದ್ದು ಕಂಡಿತು, ಉಳಿದ 20,000ಕ್ಕೆ ಯಾವ ಕುರುಹೂ ಇರಲಿಲ್ಲ. 3,80,000ಕ್ಕೆ ರಾಜಿಯಾಯಿತು. 2024ರ ಮಾರ್ಚ್ ಕೊನೆಯೊಳಗೆ ಹಣ, ಹಣ ಕೊಟ್ಟ ದಿನವೇ ಮನೆ ತೆರವು. ಲೋಕ ಅದಾಲತ್ತಿನ ತೀರ್ಮಾನ ಸಿವಿಲ್ ನ್ಯಾಯಾಲಯದ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಇದು ಒಡತಿಗೆ ರಕ್ಷಣೆ, ಅಷ್ಟೇ ಮಟ್ಟಿಗೆ ಕತ್ತಿನ ಮೇಲಿನ ಕತ್ತಿಯೂ ಹೌದು. ಗಡುವು ತಪ್ಪಿದರೆ ಡಿಕ್ರಿ ಅವರ ವಿರುದ್ಧ ಜಾರಿಯಾಗುತ್ತದೆ.

ಖಾತೆ ಮತ್ತು ಸಹಿಗಳು

ಹಣ ಬರಬೇಕಾದದ್ದು ಬ್ಯಾಂಕಿನಿಂದ. ಲೆಕ್ಕ ಸ್ಪಷ್ಟವಾಗಿತ್ತು. ಮೇಷ್ಟ್ರಿಗೆ ಉಳಿದ 1,87,000, ವ್ಯಾಪಾರಿಗೆ 3,80,000, ಬಂಗಾರ ಬಿಡಿಸಲು ಒಂದೂವರೆ ಲಕ್ಷ, ಮೇಲೆ ಬಡ್ಡಿ ಮತ್ತು ಕಾಗದಪತ್ರದ ಖರ್ಚು. ಒಟ್ಟು ಏಳೂವರೆ ಲಕ್ಷದ ಸಾಲ ಬೇಕು. ಶೇಕಡಾ 11ರ ಬಡ್ಡಿಯಲ್ಲಿ ಏಳು ವರ್ಷಕ್ಕೆ ಕಂತು ಸುಮಾರು 12,850. ಎರಡೂ ಮನೆಗಳ ಬಾಡಿಗೆ 14,000. ಮಹಡಿ ತನ್ನ ಸಾಲವನ್ನು ತಾನೇ ತೀರಿಸಬಲ್ಲದು. ಆದರೆ ಮನೆಯ ಖಾತೆ ಇನ್ನೂ ತೀರಿಕೊಂಡವರ ಹೆಸರಿನಲ್ಲಿತ್ತು.

ಒಡತಿ ಅತ್ತೆಯ ಬಳಿ ಹೋದರು. ಜೊತೆಗೆ ಯಾರನ್ನೂ ಕರೆದುಕೊಂಡು ಹೋಗಲಿಲ್ಲ, ಪಂಚಾಯಿತಿ ಸೇರಿಸಲಿಲ್ಲ. ಆ ವೃದ್ಧೆ ಕೇಳಿದ್ದು ಇಷ್ಟು: "ನನಗೆ ಪಾಲು ಬೇಡ. ಹಿರಿಯ ಮಗನ ಮನೆಯಲ್ಲಿ ಒಂದು ಕೋಣೆ ಬೇಕು. ನಾಳೆ ನೀನಾಗಲಿ ನಿನ್ನ ಮಗನಾಗಲಿ ಎದ್ದು ಹೋಗು ಅನ್ನಬಾರದು. ಅದನ್ನು ಬರೆದುಕೊಡು." ಗಂಡನಿಂದ ಹಿಡಿದು ವ್ಯಾಪಾರಿಯವರೆಗೆ ಅಕ್ಷರ ಬಲ್ಲವರೆಲ್ಲ ಬಾಯಿಮಾತಿಗೆ ನೆಚ್ಚಿಕೊಂಡಿದ್ದ ಕಡೆ, ಹೆಬ್ಬೆಟ್ಟಿನ ಮುದುಕಿ ಬರಹ ಕೇಳಿದರು. ಕೆಳಮನೆಯ ಮುಂದಿನ ಕೋಣೆಯಲ್ಲಿ ಜೀವಮಾನ ವಾಸದ ಹಕ್ಕು, ತಿಂಗಳಿಗೆ 2,000 ಕೈಖರ್ಚು ಎಂದು ಬರೆದು, ಪಾಲಿನ ಬಿಡುಗಡೆ ಪತ್ರ ಸೊಸೆಯ ಹೆಸರಿಗೆ ನೋಂದಣಿಯಾಯಿತು. ಬ್ಯಾಂಕಿನ ವಕೀಲರು ವಾಸದ ಹಕ್ಕಿನ ಷರತ್ತಿಗೆ ತಕರಾರು ತೆಗೆದರು. ಕೊನೆಗೆ ಅಡಮಾನಕ್ಕೆ ಅತ್ತೆಯ ಒಪ್ಪಿಗೆಯ ಹೆಬ್ಬೆಟ್ಟನ್ನೂ ಪಡೆದು ಮುಂದುವರಿದರು. ಷರತ್ತನ್ನೇ ತೆಗೆದುಹಾಕೋಣ ಎಂದು ಮಗ ಹೇಳಿದ್ದ. ಒಡತಿ ಒಪ್ಪಲಿಲ್ಲ.

ಮಗಳ ವಿಷಯದಲ್ಲಿ ಎಲ್ಲರದೂ ಒಂದೇ ಸಲಹೆ, ಅವಳೂ ಬಿಡುಗಡೆ ಪತ್ರಕ್ಕೆ ಸಹಿ ಹಾಕಲಿ. ಅವಳು ಸಿದ್ಧಳೇ ಇದ್ದಳು. ತವರಿನ ಬಾಗಿಲು ತೆರೆದಿರಲಿ ಎಂದು ಹೆಣ್ಣುಮಕ್ಕಳು ತೆರುವ ಸುಂಕ ಇದು, ನಮ್ಮ ಕಡೆ ಯಾರೂ ಅದನ್ನು ಪ್ರಶ್ನಿಸುವುದಿಲ್ಲ. ಇಲ್ಲಿ ಅದನ್ನು ತಡೆದದ್ದು ನ್ಯಾಯದ ಮಾತಲ್ಲ, ಬ್ಯಾಂಕಿನ ಅರ್ಜಿ. ರೊಟ್ಟಿ ಮಾರಿದ ಆದಾಯಕ್ಕೆ ದಾಖಲೆಯಿಲ್ಲ, ಮಗನ ಸಂಬಳ ಬೆಂಗಳೂರಿನ ಬಾಡಿಗೆಗೇ ಸಾಲದು. ತಿಂಗಳು ತಿಂಗಳು ಬ್ಯಾಂಕಿಗೆ ಸಂಬಳ ಜಮಾ ಆಗುತ್ತಿದ್ದದ್ದು ಮಗಳದು ಮಾತ್ರ. ಅವಳು ಸಹಮಾಲಕಿಯಾಗಿ ಉಳಿದು ಸಾಲಕ್ಕೆ ಸಹ ಅರ್ಜಿದಾರಳಾದಳು. ಖಾತೆ ಮೂವರ ಹೆಸರಿಗೆ ಆಯಿತು. ಅಳಿಯನನ್ನು ಒಪ್ಪಿಸಲು ಸ್ವಲ್ಪ ಸಮಯ ಹಿಡಿಯಿತು, ಅದು ಅವರ ಮನೆಯ ಮಾತು.

ಊರಿನ ಸಹಕಾರಿ ಬ್ಯಾಂಕೊಂದು ಸಾಲ ಮಂಜೂರು ಮಾಡಿದ್ದು ಗಡುವಿಗೆ ಹತ್ತೇ ದಿನ ಇರುವಾಗ. ಶೀಟಿನ ಕೋಣೆಗಳಿಗೆ ಪರವಾನಗಿ ಇರಲಿಲ್ಲವಾದ್ದರಿಂದ ಅವನ್ನು ಮೌಲ್ಯಮಾಪನದಲ್ಲಿ ಲೆಕ್ಕಕ್ಕೇ ಹಿಡಿಯಲಿಲ್ಲ. ವ್ಯಾಪಾರಿ ಮಾತಿನಂತೆ ಮನೆ ಬಿಟ್ಟರು.

ಆಮೇಲಿನ ನಡೆ

ಖಾಲಿಯಾದ ಮನೆಗೆ ಹುಡುಗಿಯರ ಪಿ.ಜಿ. ಮಾಡಿ ಎಂದು ದಲ್ಲಾಳಿ ಮತ್ತೆ ಬಂದ. ಐದು ಹಾಸಿಗೆ, ಊಟ ಸೇರಿ ತಲಾ 6,000 ಎಂದರೆ ತಿಂಗಳಿಗೆ 30,000. ರೊಟ್ಟಿಯ ಕೈ ಒಡತಿಗೆ ಹೇಗೂ ಇತ್ತು. ಅವರು ಹಿಂಜರಿದದ್ದಕ್ಕೆ ಕಾರಣಗಳು ಗಟ್ಟಿಯಾಗಿದ್ದವು. ಪರೀಕ್ಷೆ ಮುಗಿದ ಮೇಲೆ ಹಾಸಿಗೆ ಖಾಲಿ, ಬ್ಯಾಂಕಿನ ಕಂತಿಗೆ ರಜೆಯಿಲ್ಲ. ಪಾಲಿಕೆಯ ಉದ್ದಿಮೆ ಪರವಾನಗಿ, ಅಡುಗೆಗೆ ಆಹಾರ ಸುರಕ್ಷತಾ ನೋಂದಣಿ ಬೇಕು. ಗೀಸರು, ಇಸ್ತ್ರಿ ಸೇರಿ ವಿದ್ಯುತ್ ಬಳಕೆ 200 ಯೂನಿಟ್ ದಾಟಿದರೆ ಸರ್ಕಾರದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯ ರಿಯಾಯಿತಿ ಹೋಗಿ ಪೂರ್ತಿ ಬಿಲ್ಲು ಬರುತ್ತದೆ. ತೆರಿಗೆಯ ಭಯವೊಂದು ಇರಲಿಲ್ಲ. ತಲಾ ತಿಂಗಳಿಗೆ 20,000 ರೂಪಾಯಿ ಮೀರದ, ಕನಿಷ್ಠ 90 ದಿನಗಳ ನಿರಂತರ ವಾಸಕ್ಕೆ 2024ರ ಜುಲೈನಿಂದ ಜಿ.ಎಸ್.ಟಿ. ವಿನಾಯಿತಿ ಇದೆ. ಅವರು ಸಂಸಾರಸ್ಥರಿಗೇ ಬಾಡಿಗೆಗೆ ಕೊಟ್ಟರು. ನನಗಾದರೆ ಪಿ.ಜಿ.ಯನ್ನು ಒಂದು ವರ್ಷ ಪ್ರಯತ್ನಿಸಬಹುದಿತ್ತು ಎನ್ನಿಸುತ್ತದೆ, ಆದರೆ ಎಪ್ಪತ್ತೆಂಟರ ಅತ್ತೆಯನ್ನು ಮುಂದಿನ ಕೋಣೆಯಲ್ಲಿಟ್ಟುಕೊಂಡು ಐದು ಹುಡುಗಿಯರಿಗೆ ಅಡುಗೆ ಮಾಡಬೇಕಾದವಳು ನಾನಲ್ಲ.

ಬಾಡಿಗೆ ಕರಾರು ಈಗ ಹನ್ನೊಂದು ತಿಂಗಳದ್ದು, ಎರಡೂ ಕಡೆಯವರ ಸಹಿಯೊಂದಿಗೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಈ ಹನ್ನೊಂದರ ವಾಡಿಕೆ. ಎರಡೂ ಮನೆಗಳಿಗೆ ಬೇರೆ ಬೇರೆ ಆರ್.ಆರ್. ಸಂಖ್ಯೆ ಇದ್ದದ್ದು ಅನುಕೂಲವಾಯಿತು. ಗೃಹಜ್ಯೋತಿ ಬಂದ 2023ರಿಂದೀಚೆಗೆ ಮನೆ ನೋಡಲು ಬಂದವರು ನೀರಿಗಿಂತ ಮೊದಲು ಮೀಟರನ್ನು ಕೇಳುತ್ತಾರೆ. ಇಬ್ಬರಿಂದಲೂ 50,000 ಮುಂಗಡ ಪಡೆದಿದ್ದಾರೆ. ಆ ಒಂದು ಲಕ್ಷವನ್ನು ಒಡತಿ ಮುಟ್ಟಿಲ್ಲ, ಬ್ಯಾಂಕಿನಲ್ಲಿ ನಿಶ್ಚಿತ ಠೇವಣಿ ಇಟ್ಟಿದ್ದಾರೆ. ಠೇವಣಿ ರಸೀತಿಗಳನ್ನು ಆಯಾ ಮನೆಯ ಕರಾರು ಪತ್ರದೊಳಗೇ ಮಡಿಸಿಟ್ಟಿದ್ದಾರೆ, ಮೇಲೆ ಬಾಡಿಗೆದಾರರ ಹೆಸರು. ಮಗಳ ಸೀಮಂತಕ್ಕೆ ಹಣ ಸಾಲದೇ ಬಂದಾಗಲೂ ಸಂಘದಿಂದ ತಂದರೇ ಹೊರತು ಆ ರಸೀತಿಗಳಿಗೆ ಕೈಹಾಕಲಿಲ್ಲ.

ಎಲ್ಲವೂ ಬಗೆಹರಿದಿದೆ ಎನ್ನುವಂತಿಲ್ಲ. ಸಾಲ 2031ರವರೆಗೆ ಇದೆ, ಎರಡು ತಿಂಗಳು ಒಂದು ಮನೆ ಖಾಲಿ ಬಿದ್ದರೆ ಮೇಲಿನ ಕೋಣೆಗಳ ಬಾಡಿಗೆಯೆಲ್ಲ ಕಂತಿಗೇ ಹೋಗುತ್ತದೆ. ಶೀಟಿನ ಕೋಣೆಗಳ ಪರವಾನಗಿಯ ಪ್ರಶ್ನೆ ಹಾಗೆಯೇ ನಿಂತಿದೆ. ಮೈದುನ ಹಬ್ಬಕ್ಕೆ ಬರುತ್ತಾರೆ, ಮಹಡಿ ಹತ್ತುವುದಿಲ್ಲ. ಮೂವರ ನಡುವೆ ವಿಭಾಗಪತ್ರವಾಗಿಲ್ಲ. ಕಳೆದ ದೀಪಾವಳಿಗೆ ಬಂದ ಮಗ, ಬೆಂಗಳೂರಿನಲ್ಲಿ ನಿವೇಶನ ಕೊಳ್ಳಲು ಒಂದು ಮನೆಯನ್ನು ಭೋಗ್ಯಕ್ಕೆ ಹಾಕಿದರೆ ಎಂಟು ಲಕ್ಷ ಬರುತ್ತದೆ ಎಂದು ಪ್ರಸ್ತಾಪಿಸಿದ. ಒಡತಿ ಅವನಿಗೆ ಬಡ್ಡಿ ಲೆಕ್ಕ ಹಾಕಿ ತೋರಿಸಿದ್ದಾರೆ, ತಂಗಿಯ ಸಹಿಯೂ ಬೇಕೆಂದು ನೆನಪಿಸಿದ್ದಾರೆ. ಅವನು ಇನ್ನೂ ಒಪ್ಪಿಲ್ಲ.